ಅಸಿಂಕ್ರೊನಸ್ ಪ್ರೋಗ್ರಾಮಿಂಗ್

ಜಾಲದಿಂದಲೋ ಡಿಸ್ಕಿನಿಂದಲೋ ಉತ್ತರ ಬರುವವರೆಗೆ ಕೈಕಟ್ಟಿ ಕೂರದೆ, ಬೇರೆ ಕೆಲಸ ಮುಂದುವರಿಸುವಂತೆ ತಂತ್ರಾಂಶ ಬರೆಯುವ ಕ್ರಮ. ಹೊಸಪೇಟೆಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡು ಫೋನಿನಿಂದ ಹಣ ಕೊಡುವವರು ಇದನ್ನು ದಿನವೂ ಬಳಸುತ್ತಾರೆ. 2016ರಲ್ಲಿ ಬಂದ ಯುಪಿಐನಲ್ಲಿ ಕೋರಿಕೆ ತಲುಪಿತೆಂಬ ಮರುಮಾತು ಕೂಡಲೇ ಬರುತ್ತದೆ. ಹಣ ಸಂದಾಯವಾದ ಸುದ್ದಿ ಆಮೇಲೆ ಬೇರೊಂದು ಸಂದೇಶವಾಗಿ ಬರುತ್ತದೆ. ಆ ನಡುವೆ ಸರ್ವರ್ ಹಂಪಿ, ಸಂಡೂರು, ಕಂಪ್ಲಿಯ ಪಾವತಿಗಳನ್ನೂ ನೋಡಿಕೊಳ್ಳಬೇಕು.

ಅರ್ಧಕ್ಕೆ ನಿಂತು ಮತ್ತೆ ಅಲ್ಲಿಂದಲೇ ಮುಂದುವರಿಯುವ ಕೋರೂಟೀನ್ ಕಲ್ಪನೆಯನ್ನು ಮೆಲ್ವಿನ್ ಕಾನ್‌ವೇ 1963ರಲ್ಲಿ ಪ್ರಕಟಿಸಿದರು. ಮುಂದೆ ಬರಲಿರುವ ಉತ್ತರಕ್ಕೆ ಈಗಲೇ ಹೆಸರು ಕೊಡುವ ‘ಪ್ರಾಮಿಸ್’, ‘ಫ್ಯೂಚರ್’ ಎಂಬ ಪದಗಳು 1970ರ ದಶಕದವು.

ಎರಿಕ್ಸನ್ ಕಂಪನಿಯಲ್ಲಿ 1986ರಲ್ಲಿ ಮೊದಲಾದ ಎರ್ಲಾಂಗ್ ಭಾಷೆಯ ದಾರಿ ಬೇರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಕರೆ ಕೆಟ್ಟರೆ ಉಳಿದವು ಕೆಡಬಾರದು. ಅದಕ್ಕೆಂದೇ ಸಾವಿರಾರು ಪುಟ್ಟ ಪ್ರೊಸೆಸ್‌ಗಳು; ಅವು ಮೆಮೊರಿ ಹಂಚಿಕೊಳ್ಳುವುದಿಲ್ಲ, ಸಂದೇಶ ಕಳಿಸಿಕೊಳ್ಳುತ್ತವೆ ಅಷ್ಟೆ. ಕಾಯುವ ಹೊರೆಯನ್ನು ಪ್ರೋಗ್ರಾಮರ್ ಹೊರದೆ ಭಾಷೆಯೇ ಹೊತ್ತುಕೊಂಡಿತು. ಈ ಕ್ಷೇತ್ರದ ಅತ್ಯಂತ ದೂರದೃಷ್ಟಿಯ ತೀರ್ಮಾನ ಇದೆನ್ನಬೇಕು.

ಜಾವಾಸ್ಕ್ರಿಪ್ಟಿಗೆ ಆ ಸೌಕರ್ಯವಿರಲಿಲ್ಲ. ಅದರ ಕೋಡ್ ಒಂದೇ ಎಳೆಯಲ್ಲಿ (ಥ್ರೆಡ್) ನಡೆಯುತ್ತಿದ್ದುದರಿಂದ 2009ರ ನೋಡ್.ಜೆಎಸ್‌ನಲ್ಲಿ ಕಾಲ್‌ಬ್ಯಾಕಿನೊಳಗೆ ಕಾಲ್‌ಬ್ಯಾಕ್ (ಉತ್ತರ ಬಂದಮೇಲೆ ನಡೆಯಬೇಕಾದ ಫಂಕ್ಷನ್) ಬರೆಯಬೇಕಾಯಿತು. ತಪ್ಪು ಎಲ್ಲಿ ಹುಟ್ಟಿತೆಂದು ಹುಡುಕುವುದೇ ಕಷ್ಟವಾಯಿತು. 2015ರಲ್ಲಿ ಪ್ರಾಮಿಸ್, 2017ರಲ್ಲಿ ಕಾಯುವ ಕೋಡನ್ನೂ ಸಾಲುಸಾಲಾಗಿ ಬರೆಯಲು ಬಿಡುವ ಅಸಿಂಕ್–ಅವೇಟ್ ಆ ಭಾಷೆಯ ಮಾನಕಕ್ಕೆ ಸೇರಿದವು. ಅಸಿಂಕ್–ಅವೇಟ್ ಶೈಲಿಯನ್ನು 2012ರಲ್ಲಿ ಜನಪ್ರಿಯಗೊಳಿಸಿದ್ದು ಸಿ ಶಾರ್ಪ್. ಪೈಥಾನ್ 2015ರಲ್ಲಿ, ರಸ್ಟ್ 2019ರಲ್ಲಿ ಅದನ್ನು ಅಳವಡಿಸಿಕೊಂಡವು. ಹೊರನೋಟಕ್ಕೆ ಒಂದೇ ಆದರೂ ಒಳಗೆ ವ್ಯತ್ಯಾಸವಿದೆ: ಜಾವಾಸ್ಕ್ರಿಪ್ಟಿನ ಅಸಿಂಕ್ ಫಂಕ್ಷನ್ ಕರೆದೊಡನೆ ಓಡತೊಡಗುತ್ತದೆ, ರಸ್ಟಿನದು ಯಾರಾದರೂ ನಡೆಸುವವರೆಗೆ ಅಲುಗುವುದಿಲ್ಲ.

ಈ ಶೈಲಿಗೆ ಒಂದು ತೊಡಕುಂಟು. ಒಂದು ಫಂಕ್ಷನ್ ಅಸಿಂಕ್ ಆದರೆ ಅದರ ಉತ್ತರಕ್ಕೆ ಕಾಯುವ ಫಂಕ್ಷನ್‌ಗಳೂ ಸಾಮಾನ್ಯವಾಗಿ ಅಸಿಂಕ್ ಆಗಬೇಕು. 2009ರ ಗೋ ಭಾಷೆಯ ಗೋರೂಟೀನ್, 2023ರ ಜಾವಾ 21ರ ವರ್ಚುವಲ್ ಥ್ರೆಡ್ ಎಂಬ ಹಗುರ ಥ್ರೆಡ್‌ಗಳು ಇದನ್ನು ತಪ್ಪಿಸುತ್ತವೆ. ಬರೆಯುವವನಿಗೆ ಇವೇ ಹಗುರ. ಮೆಮೊರಿಯ ಪ್ರತಿ ಬೈಟಿನ ಲೆಕ್ಕ ಬೇಕಾದ ಕಡೆ ರಸ್ಟಿನ ದಾರಿಯೇ ಸರಿ.

ಎರಡೂ ದಾರಿಗಳು ಬೆಂಗಳೂರಿನ ಒಂದೇ ಕಂಪನಿ ರೂಪಿಸಿದ ತಂತ್ರಾಂಶಗಳಲ್ಲಿ ಕಾಣಸಿಗುತ್ತವೆ. ಜಸ್‌ಪೇ ರೂಪಿಸಿದ ‘ನಮ್ಮ ಯಾತ್ರಿ’ ಆಟೊ ಆ್ಯಪ್‌ನ ಸರ್ವರ್ ಭಾಗ ಹಗುರ ಥ್ರೆಡ್‌ಗಳ ಹ್ಯಾಸ್ಕೆಲ್‌ನಲ್ಲಿದೆ; ಜಸ್‌ಪೇಯದೇ ಪಾವತಿ ತಂತ್ರಾಂಶ ‘ಹೈಪರ್‌ಸ್ವಿಚ್’ ಅಸಿಂಕ್–ಅವೇಟ್ ಬಳಸುವ ರಸ್ಟ್‌ನಲ್ಲಿದೆ. ಎರಡರ ಕೋಡ್ ಕೂಡ ಮುಕ್ತವಾಗಿದೆ. ಈ ವಿಷಯ ಕಲಿಯಬಯಸುವವರು ಅವನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬೇಕು.