ಕಿಟ್ಟದ ಕಾಂಕ್ರೀಟು, ಒಳಗಿನ ಕಬ್ಬಿಣ

ಸಿಮೆಂಟಿಲ್ಲದೆ ಕಟ್ಟಿದ್ದು ಬಾಳುವುದೇ ಎಂದು ಯಾರಾದರೂ ಕೇಳಿದರೆ ನಾವು ಕನ್ನಂಬಾಡಿಯತ್ತ ಬೆರಳು ತೋರುತ್ತೇವೆ. ಸುಣ್ಣ-ಸುರ್ಕಿಯ ಗಾರೆಯಲ್ಲಿ ಎದ್ದ ಆ ಕಲ್ಲುಗೋಡೆ ಹೆಮ್ಮೆಗೆ ತಕ್ಕದ್ದೇ. ಆದರೆ ಅದು ತನ್ನ ಭಾರದಿಂದಲೇ ನಿಂತ ಗೋಡೆ; ಸರಳುಗಳನ್ನು ನಂಬಿದ್ದಲ್ಲ. ರೋಮಿನ ಪ್ಯಾಂಥಿಯನ್ ಗುಮ್ಮಟವೂ ಅಂತೆಯೇ. ಕಬ್ಬಿಣವಿಲ್ಲದ ಕಡೆ ತುಕ್ಕಿನ ಮಾತೇ ಏಳುವುದಿಲ್ಲ.

ಸಿಮೆಂಟು ಸರಳನ್ನು ಕಾಯುವುದು ಕೇವಲ ಗಟ್ಟಿತನದಿಂದಲ್ಲ, ಕ್ಷಾರಗುಣದಿಂದ. ಆ ಕ್ಷಾರದಲ್ಲಿ ಉಕ್ಕಿನ ಮೇಲೆ ತೆಳುವಾದ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ಒಳಗಿಳಿದು ಕ್ಷಾರವನ್ನು ಕುಂದಿಸಿದರೆ, ಇಲ್ಲವೇ ಉಪ್ಪು ಸರಳನ್ನು ಮುಟ್ಟಿದರೆ, ಪೊರೆ ಹರಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಮುಂಬಯಿಯ ಹಳೆಯ ಬಾಲ್ಕನಿಗಳ ಕೆಳಗೆ ನಡೆದಾಡುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಬೆಲ್ಜಿಯಂನ ಆರ್ಥರ್ ಪರ್ಡಾನ್ 1940ರಲ್ಲಿ, ಊದುಕುಲುಮೆಯ ಕಿಟ್ಟವನ್ನು ಪುಡಿಮಾಡಿ ಕಾಸ್ಟಿಕ್ ಸೋಡಾದಂಥ ಕ್ಷಾರದೊಡನೆ ಬೆರೆಸಿದರೆ ಅದೇ ಬಂಧಕವಾಗುವುದೆಂದು ಪ್ರಕಟಿಸಿದರು. ಉಕ್ಕಿನ ಕಾರ್ಖಾನೆಯ ಕಸ ಉಕ್ಕಿನ ಸರಳನ್ನೇ ಹೊದೆಯಬೇಕಾದ ಚೋದ್ಯ! 'ಪರ್ಡೊಸಿಮೆಂಟ್' ಎಂಬ ಹೆಸರಿನಲ್ಲಿ ಅದು 1950ರ ದಶಕದಲ್ಲಿ ಬ್ರಸೆಲ್ಸ್‌ನ ಕಟ್ಟಡಗಳಿಗೆ ಇಳಿಯಿತು. 1958ರ ವಿಶ್ವಮೇಳಕ್ಕೆ ಬರುವ ಕಾರುಗಳಿಗಾಗಿ ಎದ್ದ ಬಹುಮಹಡಿ ನಿಲ್ದಾಣ 'ಪಾರ್ಕಿಂಗ್ 58' ಅವುಗಳಲ್ಲೊಂದು.

ಅದು ಸುಮಾರು 60 ವರ್ಷ ಕಾರುಗಳನ್ನು ಹೊತ್ತಿತು. ಕೆಡವುವ ಮೊದಲು ಸಂಶೋಧಕರು ಅದರ ಕಾಂಕ್ರೀಟನ್ನು ಪರೀಕ್ಷಿಸಿದಾಗ ಕಂಡದ್ದು ಇಮ್ಮುಖದ ಸತ್ಯ: ಕಟ್ಟಡ ಒಳ್ಳೆಯ ಸ್ಥಿತಿಯಲ್ಲೇ ಇತ್ತು, ಆದರೆ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನೊಳಕ್ಕೆ ಸಾಕಷ್ಟು ಇಳಿದಿತ್ತು. ಕಾರಣ ನಿಗೂಢವಲ್ಲ. ಸಾಮಾನ್ಯ ಸಿಮೆಂಟು ಗಟ್ಟಿಯಾಗುವಾಗ ಒಡಲಲ್ಲಿ ಸುಣ್ಣದ ಗಂಟನ್ನು ಉಳಿಸಿಕೊಳ್ಳುತ್ತದೆ. ಅನಿಲ ಮೊದಲು ಅದನ್ನು ಕರಗಿಸಬೇಕು. ಕಿಟ್ಟದ ಬಂಧಕಕ್ಕೆ ಅಂಥ ಇಡುಗಂಟಿಲ್ಲ. ಉಪ್ಪಿನ ವಿಷಯದಲ್ಲಿ ಮಾತ್ರ ಅದರದೇ ಮೇಲುಗೈ: ಚೆನ್ನಾಗಿ ಹದಮಾಡಿದರೆ ರಂಧ್ರಗಳು ಬಹಳ ಸಣ್ಣವಾಗಿ, ಉಪ್ಪು ನಿಧಾನವಾಗಿ ನುಸುಳುತ್ತದೆ.

ಹಾಗಾಗಿ 'ಸಿಮೆಂಟಿಲ್ಲದ್ದು ಸಿಮೆಂಟಿಗಿಂತ ಬಾಳುತ್ತದೆ' ಎಂಬ ಜಾಹೀರಾತಿನ ಮಾತನ್ನು ನಾವು ಒಪ್ಪಲಾರೆವು. ಎಲ್ಲಿ ಬಾಳುತ್ತದೆ ಎಂದು ಕೇಳಬೇಕು. ತುಕ್ಕಿಗೆ ಕ್ಷಾರ ಕುಂದಿದರೆ ಸಾಲದು, ತೇವವೂ ಬೇಕು. ಸೂರಿನಡಿಯ ಒಣ ತೊಲೆಗೆ ದಕ್ಕಿದ ಆಯುಷ್ಯ, ಮಳೆ-ಬಿಸಿಲುಗಳಿಗೆ ಸರದಿಯಲ್ಲಿ ಒಡ್ಡಿದ ಕಂಬಕ್ಕೆ ತಾನಾಗಿ ದಕ್ಕದು. ಅಲ್ಲಿ ಸರಳಿನ ಮೇಲಿನ ಹೊದಿಕೆ ಇನ್ನಷ್ಟು ದಪ್ಪವಾಗಿರಬೇಕು, ನೀರು ಬೆರೆಸುವ ಕೈ ಬಿಗಿಯಾಗಿರಬೇಕು.