ಕೆತ್ತಿದ ಕಲ್ಲಿಗೆ ಬೇಲಿ, ಕೆತ್ತದ ಬಂಡೆಗೆ ಬೆಲೆ

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದಾಗ ನಾಡು ಸಂಭ್ರಮಿಸಿತು. ಹಂಪಿ (1986), ಪಟ್ಟದಕಲ್ಲು (1987), ಪಶ್ಚಿಮ ಘಟ್ಟಗಳ (2012) ನಂತರ ರಾಜ್ಯಕ್ಕೆ ಸಂದ ಮನ್ನಣೆ ಅದು. ಈ ಸಾಲಿನಲ್ಲಿ ಪೂರ್ವದ ಬಯಲುಸೀಮೆಗೆ ಜಾಗವಿಲ್ಲ. ಕೋಲಾರ ಎಂದರೆ ಹೊರಗಿನವರ ಕಣ್ಣಿಗೆ ಮೊದಲು ಬರ ಕಾಣುತ್ತಿತ್ತು, 2018ರ ‘ಕೆ.ಜಿ.ಎಫ್.’ ಸಿನಿಮಾದ ಮೇಲೆ ಚಿನ್ನದ ಗಣಿಯ ಸೈನೈಡ್ ದಿಬ್ಬ ಕಾಣುತ್ತದೆ. ಹೊಯ್ಸಳರ ಬಳಪದ ಕಲ್ಲಿನ ಕುಸುರಿಯನ್ನೇ ಅಳತೆಗೋಲು ಮಾಡಿಕೊಂಡವರಿಗೆ ಗಟ್ಟಿ ಕಣಶಿಲೆಯ ಈ ಸೀಮೆ ಬಡವಾಗಿ ಕಂಡರೆ ಆಶ್ಚರ್ಯವೇನಿಲ್ಲ. ತಪ್ಪು ಕಲ್ಲಿನದಲ್ಲ.

ಇಲ್ಲಿ ರಕ್ಷಣೆ ಶುರುವಾದದ್ದು ಓದಿನಿಂದ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಲ್ಲಿ ಹುಟ್ಟಿತು, ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಹುತ್ತೂರು ಕಡೆಯ ಹೊಲದಲ್ಲಿ ಅಕ್ಷರದ ಕಲ್ಲೊಂದು ಸಿಕ್ಕರೆ ಇವತ್ತಿಗೂ ಮೊದಲು ತೆಗೆದು ನೋಡುವುದು ಆ ಸಂಪುಟವನ್ನೇ. ಕಾನೂನುಗಳೂ ಒಂದರ ಹಿಂದೊಂದು ಬಂದವು: ಕರ್ಜನ್ ಕಾಲದ 1904ರ ಕಾಯಿದೆ, ಮೈಸೂರಿನದೇ ಆದ 1925ರ ರೆಗ್ಯುಲೇಷನ್, ಕೇಂದ್ರದ 1958ರ ಕಾಯಿದೆ, ರಾಜ್ಯದ 1961ರ ಕಾಯಿದೆ. ಇವೆಲ್ಲದರ ಕಣ್ಣು ಹೆಚ್ಚಾಗಿ ಒಂದೇ ಕಡೆ: ಕಟ್ಟಡ, ಅದರ ಗೋಡೆ, ಗೋಡೆಯ ಮೇಲಿನ ಬರಹ.

ಹೀಗೆ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಪಟ್ಟಿಗೆ ಬಂದವುಗಳಲ್ಲಿ ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ, ಮುಳಬಾಗಿಲು ತಾಲ್ಲೂಕಿನ ಆವನಿ ಮತ್ತು ಕುರುಡುಮಲೆಯ ಗುಡಿಗಳು ಮುಖ್ಯ. ಸೋಮೇಶ್ವರದ ಕಲ್ಯಾಣ ಮಂಟಪದ ವಿಜಯನಗರದ ಕಂಬಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ. ಪಕ್ಕದ ಕೋಲಾರಮ್ಮನ ಗುಡಿಯ ಚೋಳ ಶಾಸನಗಳ ಬಗ್ಗೆ ಬರೆದವರು ಕಡಿಮೆ. ಅವು ತಮಿಳಿನಲ್ಲಿವೆ ಎಂಬುದೇ ಕಾರಣವಿರಬೇಕು. ಗಂಗರ ಕುವಳಾಲಪುರ (ಇಂದಿನ ಕೋಲಾರ) ನಮ್ಮದು, ಚೋಳರ ಗುಡಿ ಪಕ್ಕದವರದು ಎಂಬ ಈ ಲೆಕ್ಕ ಗಡಿ ಜಿಲ್ಲೆಯ ಚರಿತ್ರೆಗೆ ಒಗ್ಗುವುದಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೇಳಿನ ದೇವತೆ ಚೇಳಮ್ಮನಿಗೆ ಹರಕೆ ಕಟ್ಟುವವರು ಯಾವ ಭಾಷೆಯ ರಾಜ ಕಟ್ಟಿಸಿದ ಎಂದು ಕೇಳುವುದಿಲ್ಲ.

1980ರ ಸುಮಾರಿಗೆ ಗಾಳಿ ಬದಲಾಯಿತು. ಅಲ್ಲಿಯವರೆಗೆ ಆವನಿಯ ಗುಡಿಗಳ ಕಾಲದ ಅರಸರಾದ ನೊಳಂಬರು ಚರಿತ್ರೆಕಾರರಿಗೆ ಗಂಗ, ರಾಷ್ಟ್ರಕೂಟರ ನಡುವೆ ಬಂದುಹೋಗುವ ಸಾಮಂತರು, ಅಷ್ಟೆ. 1980ರಲ್ಲಿ ಬಂದ ಎಂ.ಎಸ್. ಕೃಷ್ಣಮೂರ್ತಿಯವರ ನೊಳಂಬರ ಅಧ್ಯಯನವೂ 1998ರಲ್ಲಿ ಬಂದ ಆಂಡ್ರ್ಯೂ ಕೊಹೆನ್ ಅವರ ನೊಳಂಬ ವಾಸ್ತುಶಿಲ್ಪದ ಗ್ರಂಥವೂ ಆವನಿಯ ಗುಡಿಗಳನ್ನು ಬೇರೆಯವರ ಶೈಲಿಯ ಬಾಲದಂತೆ ನೋಡದೆ, ಅವುಗಳ ಕಾಲಮೇಲೆ ನಿಲ್ಲಿಸಿ ನೋಡಿದವು. ಇದೇ ಕಾಲದಲ್ಲಿ ಊರೂರು ಸುತ್ತಿ ಕ್ಷೇತ್ರಕಾರ್ಯ ಮಾಡುವ ಪೀಳಿಗೆಯೊಂದು ಬೆಳೆಯಿತು. ಸೂಕ್ಷ್ಮ ಕೆತ್ತನೆಯ ಫೋಟೊ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿದ್ದ ಕಲಾ ಇತಿಹಾಸಕಾರರಿಗಿಂತ ಇವರ ಕೆಲಸ ನಿಧಾನದ್ದು: ಕೆರೆ ಕಟ್ಟೆಯ ಮೇಲೆ ನಡೆದು, ತೂಬಿನ ಪಕ್ಕದ ಕಲ್ಲು ತೊಳೆದು, ಗುಂಡುತೋಪಿನ ವೀರಗಲ್ಲಿನ ಮುಂದೆ ಕೂತು, ಊರ ಹಿರಿಯರನ್ನು ಮಾತಾಡಿಸುವುದು.

ಈ ನಡಿಗೆಯವರು ಕಂಡದ್ದು ಸರಳ ಸಂಗತಿ. ಆವನಿಯಲ್ಲಿ ಸ್ಥಾನಾಧಿಪತಿಯಾಗಿದ್ದ ತ್ರಿಭುವನಕರ್ತಾರನೆಂಬ 10ನೆಯ ಶತಮಾನದ ಯತಿ 40 ವರ್ಷ ಅಲ್ಲಿ ಆಳಿದ, 50 ಗುಡಿ ಕಟ್ಟಿಸಿದ, ಎರಡು ದೊಡ್ಡ ಕೆರೆ ತೋಡಿಸಿದ ಎನ್ನುತ್ತದೆ ಶಾಸನ. ಗುಡಿಯನ್ನೂ ಕೆರೆಯನ್ನೂ ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಕೆರೆಯ ದುರಸ್ತಿಗೆ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಯ ಭೂಮಿಗಳ ಲೆಕ್ಕವೂ ಇಂಥ ಕಲ್ಲುಗಳಲ್ಲೇ ಸಿಗುತ್ತದೆ. ಕಾಯಿದೆ ಮಾತ್ರ ಗುಡಿಯನ್ನು ಆರಿಸಿಕೊಂಡು ಕೆರೆಯನ್ನು ಕೈಬಿಟ್ಟಿತು. 2010ರ ತಿದ್ದುಪಡಿ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ಗೆರೆ ಎಳೆಯಿತು. ಒಳ್ಳೆಯದೇ. ಆದರೆ ಗುಡಿಯ ಜೊತೆಗೇ ಹುಟ್ಟಿದ ಕೆರೆ ಆ ಗೆರೆಯ ಹೊರಗಿದ್ದರೆ ಅದು ಬೇರೊಂದು ಇಲಾಖೆಯ ನೀರು. ಗುಂಡುತೋಪು ಕಂದಾಯದ ಜಮೀನು. ಹಿಂದಿನ ಬೆಟ್ಟ ಗಣಿ ಇಲಾಖೆಯ ಕಡತ.

ನಿಸರ್ಗದ ಕಡೆಯ ಕಥೆ ತಡವಾಗಿ ಶುರುವಾಗಿ ಬೇರೆ ದಾರಿಯಲ್ಲೇ ನಡೆಯಿತು. ಕೆ.ಜಿ.ಎಫ್. ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ರಾಜ್ಯದಲ್ಲಿ ಇಂಥವು ನಾಲ್ಕೇ: ಲಾಲ್‌ಬಾಗ್ ಬಂಡೆ, ಮರಡಿಹಳ್ಳಿ, ಸೇಂಟ್ ಮೇರಿಸ್ ದ್ವೀಪ ಉಳಿದ ಮೂರು. ಇವುಗಳ ರಕ್ಷಣೆಗೆಂದೇ ಒಂದು ಮಸೂದೆಯ ಕರಡು ಹೊರಬಿದ್ದದ್ದು 2022ರಲ್ಲಿ. ಜೀವವೈವಿಧ್ಯ ಕಾಯಿದೆಯಡಿ ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. 2021ರಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿ ಕೋಲಾರದ ಅಂತರಗಂಗೆ ಬೆಟ್ಟಕ್ಕೂ ಅದೇ ಸ್ಥಾನ ಕೊಡಲು ತೀರ್ಮಾನಿಸಿತು.

ಇಷ್ಟರ ನಡುವೆ, ಯಾವ ಪಟ್ಟಿಯೂ ನಿರೀಕ್ಷಿಸದ ಅತಿಥಿಯೊಂದು ಬೆಳಕಿಗೆ ಬಂತು. 1994ರಲ್ಲಿ ಕೋಕ್ ಮತ್ತು ಭಟ್ ಎಂಬ ಇಬ್ಬರು ಸಂಶೋಧಕರು ಕೋಲಾರದ ಎಲೆಮೂಗಿನ ಬಾವಲಿಯನ್ನು ಹೊಸ ಪ್ರಭೇದವೆಂದು ವಿವರಿಸಿದರು. ಲೋಕದಲ್ಲಿ ಅದು ಸಿಕ್ಕಿದ್ದು ಎರಡೇ ಕಡೆ, ಹನುಮನಹಳ್ಳಿ ಮತ್ತು ತೇರಹಳ್ಳಿಯ ಗುಹೆಗಳಲ್ಲಿ. ತೇರಹಳ್ಳಿಯಿಂದ ಅದು ಆಮೇಲೆ ಕಾಣೆಯಾಯಿತು. ಉಳಿದದ್ದು ಹನುಮನಹಳ್ಳಿಯ ಒಂದು ಗುಹೆ. ಅಲ್ಲಿರುವುದು 200ಕ್ಕೂ ಕಡಿಮೆ ಬಾವಲಿಗಳು. ಸುತ್ತ ಕಲ್ಲುಗಣಿಯ ಸದ್ದು. 2016ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ತೀವ್ರ ಅಪಾಯದಲ್ಲಿರುವ ಜೀವಿ ಎಂದು ಗುರುತಿಸಿತು. ಬಾವಲಿಯನ್ನೇ ಕೆಲಸ ಮಾಡಿಕೊಂಡವರ ಒತ್ತಾಸೆಯಿಂದ ಗುಹೆಯ ಸುತ್ತಲ ಸುಮಾರು 30 ಎಕರೆಯನ್ನು ಸರ್ಕಾರ ರಕ್ಷಿತವೆಂದು ಘೋಷಿಸಿತು.

ಪುರಾತತ್ವದವರು ಈ ಗುಹೆಯನ್ನು ತಮ್ಮ ವಿಷಯವಲ್ಲವೆಂದು ಬಿಟ್ಟಿದ್ದಾರೆ. ಬಿಡಬಾರದಿತ್ತು. ಆವನಿಯ ಗುಡಿಗೂ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಯ ಉಳಿಗೂ ಬಾವಲಿಯ ಗುಹೆಗೂ ಕಲ್ಲುಗಣಿಯ ಲಾರಿಗೂ ಆಧಾರ ಈ ಸೀಮೆಯ ಬಂಡೆಯೇ. ಕೆತ್ತಿದ ಭಾಗಕ್ಕೆ ಬೇಲಿ ಹಾಕಿ, ಕೆತ್ತದ್ದನ್ನು ಟನ್ನಿನ ಲೆಕ್ಕದಲ್ಲಿ ಮಾರುವ ಪದ್ಧತಿಗೆ ನೂರು ವರ್ಷ ದಾಟಿದೆ.

ಇನ್ನೂ ಕೆಲವು ಖಾಲಿ ಜಾಗಗಳಿವೆ. ಶಿವಾರಪಟ್ಟಣದಲ್ಲಿ ಇವತ್ತಿಗೂ ದೇವರ ವಿಗ್ರಹ ಕಡೆಯುವ ಮನೆತನಗಳ ಕೈಕೆಲಸ ಯಾವ ಸ್ಮಾರಕ ಕಾಯಿದೆಗೂ ಎಟುಕುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದರ ಗೋಪುರ, ಶೆಡ್ಡು, ಕೂಲಿ ಲೈನುಗಳು ಪರಂಪರೆಯೋ ಗುಜರಿಯೋ ಎಂಬುದು ತೀರ್ಮಾನವಾಗಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ನಂದಿಯ ಭೋಗನಂದೀಶ್ವರವೂ ಆ ಕಡೆ ಹೋಯಿತು, ಕೋಲಾರದ ಪಟ್ಟಿ ಇನ್ನಷ್ಟು ತೆಳುವಾಯಿತು.

ಈಗ ಬೇಕಾಗಿರುವುದು ಮತ್ತೊಂದು ಪಟ್ಟಿಯಲ್ಲ. 1905ರ ಸಂಪುಟದ ಶಾಸನದ ಊರುಗಳು, ಕೆರೆಗಳು, ತೋಪುಗಳು, ಗುಹೆಗಳು, ಗಣಿ ಗುತ್ತಿಗೆಯ ಸರ್ವೆ ನಂಬರುಗಳು, ಇವನ್ನೆಲ್ಲ ಒಂದೇ ನಕ್ಷೆಯ ಮೇಲಿಟ್ಟು ನೋಡುವ ಕೆಲಸ. ಕ್ಷೇತ್ರಕಾರ್ಯದ ಆ ಪೀಳಿಗೆಗೆ ಈಗ ವಯಸ್ಸಾಗಿದೆ. ಕೆರೆ ಕಟ್ಟೆಯ ಕಲ್ಲುಗಳಲ್ಲಿ ಯಾವುದು ಎಲ್ಲಿತ್ತು ಎಂಬುದು ಅವರ ನೋಟ್‌ಬುಕ್ಕುಗಳಲ್ಲಿದೆ. ಶುರು ಮಾಡುವುದಾದರೆ ತೇರಹಳ್ಳಿಯಿಂದಲೇ ಮಾಡಬಹುದು. ಬಾವಲಿ ಬಿಟ್ಟುಹೋದ ಆ ಗುಹೆಯನ್ನು ಯಾರಾದರೂ ಮೊದಲು ಗುರುತು ಹಾಕಿಕೊಳ್ಳಬೇಕು.