ಕೌಲ್ ಬಜಾರ್: ದಂಡಿನ ಪೇಟೆಯಿಂದ ಜೀನ್ಸ್ ಹೊಲಿಗೆಯವರೆಗೆ

ಬಳ್ಳಾರಿ ನಗರದ ಹಳೆಯ ಪೇಟೆಗಳಲ್ಲಿ ಕೌಲ್ ಬಜಾರ್ ಒಂದು. ಇಂದು ಈ ಹೆಸರು ಕೇಳಿದೊಡನೆ ಜೀನ್ಸ್ ಪ್ಯಾಂಟು ನೆನಪಾಗುತ್ತದೆ. ಆದರೆ ಈ ಪೇಟೆಯ ಕಥೆ ಆರಂಭವಾಗುವುದು ಸೈನಿಕರ ದಂಡಿನಿಂದ.

ಹಿನ್ನೆಲೆ

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಈ ಸೀಮೆಯ ಮೊದಲ ಪ್ರಧಾನ ಕಲೆಕ್ಟರ್ ಆಗಿ 1807ರವರೆಗೆ ಕೆಲಸ ಮಾಡಿದರು. ಬಳ್ಳಾರಿ ದೊಡ್ಡ ದಂಡಿನ ನೆಲೆಯಾಯಿತು. ಸಿಪಾಯಿಗಳಿದ್ದ ಕಡೆ ದಿನಸಿ ವ್ಯಾಪಾರಿಗಳು, ಚಮ್ಮಾರರು, ದರ್ಜಿಗಳು ಬಂದು ನೆಲೆಸುವುದು ಸಹಜ. ದಂಡಿಗೆ ಹೊಂದಿಕೊಂಡ ಕೌಲ್ ಬಜಾರ್ ಬೆಳೆದದ್ದು ಹೀಗೆ. ‘ಕೌಲು’ ಎಂದರೆ ಬರೆದುಕೊಟ್ಟ ಕರಾರು. ಹೊಸದಾಗಿ ನೆಲೆಸುವ ರೈತರಿಗೆ, ವ್ಯಾಪಾರಿಗಳಿಗೆ ತೆರಿಗೆಯ ಷರತ್ತನ್ನು ನಿಗದಿಪಡಿಸಿ ಕೊಡುತ್ತಿದ್ದ ಭರವಸೆಯ ಪತ್ರಕ್ಕೆ ಆ ಕಾಲದಲ್ಲಿ ಈ ಹೆಸರಿತ್ತು.

ಬಳ್ಳಾರಿ 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ದಂಡಿನ ಕಾಲ ಮುಗಿದರೂ ಸೂಜಿ ದಾರದ ಕಸುಬು ಉಳಿಯಿತು. ಸಮವಸ್ತ್ರ ಹೊಲಿಯುತ್ತಿದ್ದ ಊರಿನ ದರ್ಜಿಗಳ ಕೈ ಮುಂದೆ ಸಿದ್ಧ ಉಡುಪಿಗೆ, ಅಲ್ಲಿಂದ ಜೀನ್ಸಿಗೆ ತಿರುಗಿತು.

ಇಂದಿನ ಉದ್ಯಮ

ಅಹಮದಾಬಾದಿನಂಥ ಊರುಗಳಿಂದ ಡೆನಿಮ್ ಬಟ್ಟೆಯ ಥಾನುಗಳು ಬರುತ್ತವೆ. ಕಟಿಂಗ್ ಮಾಸ್ಟರ್ ಕತ್ತರಿಸಿದ ಬಟ್ಟೆ ಹೊಲಿಗೆಯವರ ಕೈಗೆ ಹೋಗುತ್ತದೆ. ಕಾಜಾ, ಗುಂಡಿ, ವಾಷಿಂಗ್, ಇಸ್ತ್ರಿ ಒಂದೊಂದೂ ಬೇರೆ ಬೇರೆಯವರ ಕೆಲಸ. ಹೆಚ್ಚುವರಿ ದಾರ ಕತ್ತರಿಸುವ ಕೆಲಸ ಮನೆಮನೆಗಳಲ್ಲಿ ಹೆಂಗಸರ ಪಾಲಿಗೆ ಬರುತ್ತದೆ. ಕೂಲಿ ಹೆಚ್ಚಾಗಿ ಪೀಸ್ ಲೆಕ್ಕದಲ್ಲಿ. ಪೀಸ್ ಇಲ್ಲದ ದಿನ ಕೂಲಿಯೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಯಂತ್ರಗಳು ನಿಂತಾಗ ಇದರ ಬಿಸಿ ತಟ್ಟದ ಹೊಲಿಗೆಯವರ ಮನೆಯಿಲ್ಲ.

ಬಟ್ಟೆಯನ್ನು ಮೆತ್ತಗೆ ಮಾಡಿ ಬಣ್ಣ ಮಾಸಿಸುವ ವಾಷಿಂಗ್‌ಗೆ ನೀರು ಬಹಳ ಬೇಕು. ಶುದ್ಧೀಕರಿಸದೆ ಬಿಟ್ಟ ನೀಲಿ ನೀರು ಚರಂಡಿ ಸೇರಿ ಹಳ್ಳ, ಬಾವಿಗಳನ್ನು ಕೆಡಿಸುತ್ತದೆ. ಎಲ್ಲರೂ ಸೇರಿ ಬಳಸುವ ಶುದ್ಧೀಕರಣ ಘಟಕ ಸಣ್ಣ ಉದ್ಯಮಿಗಳಿಗೆ ಅಗತ್ಯ. 2023ರ ಏಪ್ರಿಲ್‌ನಲ್ಲಿ ಚುನಾವಣಾ ಪ್ರಚಾರಕ್ಕೆ ಬಳ್ಳಾರಿಗೆ ಬಂದಿದ್ದ ರಾಹುಲ್ ಗಾಂಧಿಯವರು 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ನೀಡಿದ್ದರು. ಪಾರ್ಕು ಯಾವುದೇ ಇರಲಿ, ನೀರಿನ ಮತ್ತು ಕೂಲಿಯ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಇರಲೇಬೇಕು.

ಕಾರ್ಮಿಕರು ತಿಳಿದಿರಬೇಕಾದದ್ದು

* 10 ಅಥವಾ ಹೆಚ್ಚು ಜನ ದುಡಿಯುವ ಘಟಕ ಇ.ಎಸ್.ಐ. ವ್ಯಾಪ್ತಿಗೆ ಬರುತ್ತದೆ. ವೇತನ ಮಿತಿಯೊಳಗಿನ ಕೆಲಸಗಾರರಿಗೂ ಅವರ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತದೆ.
* 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯ ಪ್ರಕಾರ ಇಂಥ ಘಟಕಗಳು ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕು.
* ಮನೆಯಲ್ಲೇ ಪೀಸ್ ಕೆಲಸ ಮಾಡುವವರು 16ರಿಂದ 59 ವರ್ಷದೊಳಗಿದ್ದರೆ 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಬಹುದು. ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಬೇಕು.

ಮನೆಭೇಟಿಗೆ ಹೋಗುವ ನಮ್ಮ ಧರ್ಮಕೇಂದ್ರಗಳ ಸೇವಾಕರ್ತರು ಈ ಮೂರು ವಿಷಯಗಳನ್ನು ವಿಚಾರಿಸಿ, ಅರ್ಜಿ ತುಂಬಲು ನೆರವಾದರೆ ದೊಡ್ಡ ಉಪಕಾರವಾಗುತ್ತದೆ. ಕರಾರು ಪತ್ರದ ಹೆಸರನ್ನೇ ಹೊತ್ತ ಪೇಟೆಯಲ್ಲಿ ದುಡಿಯುವವರ ಕೈಯಲ್ಲಿ ಒಂದು ಪತ್ರವೂ ಇಲ್ಲದಿರುವುದು ಸರಿಯಲ್ಲ.